ಏರುವ ನೀರು, ಇಳಿಯುವ ನೀರು

(ಬಳಗದ ಸಭೆಯಲ್ಲಿ ಹಾರೋಹಳ್ಳಿಯ ನಿವಾಸಿಯೊಬ್ಬರು ಮಾಡಿದ ಭಾಷಣದ ಪಠ್ಯ)



ನಾನು ವಿಜ್ಞಾನಿಯಲ್ಲ, ಯಾವ ಪಕ್ಷದ ಪದಾಧಿಕಾರಿಯೂ ಅಲ್ಲ. ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಮಗ್ಗುಲಲ್ಲಿ ಬದುಕುತ್ತಿರುವವನು. ಅಲ್ಲಿ ಕಂಡದ್ದನ್ನು ನಿಮ್ಮ ಮುಂದಿಡಲು ಬಂದಿದ್ದೇನೆ. ಬಯಲಿನವನ ಮಾತಿನಿಂದ ಮಲೆಯವರಿಗೇನು ಪ್ರಯೋಜನವೆಂದು ನಿಮಗೆ ತೋರಬಹುದು. ಆದರೆ ನಿಮ್ಮನ್ನೂ ನಮ್ಮನ್ನೂ ಬೆಸೆದಿರುವುದು ನೀರು. ತಲಕಾವೇರಿಯಲ್ಲಿ ಹುಟ್ಟಿದ ಹೊಳೆ ನಮ್ಮ ಸೀಮೆಯನ್ನು ಎರಡು ಬಾರಿ ಹಾಯುತ್ತದೆ. ಒಮ್ಮೆ ಏರುತ್ತ, ಒಮ್ಮೆ ಇಳಿಯುತ್ತ.

ಮೊದಲು ಏರುವ ನೀರಿನ ಸಂಗತಿ. ಕಾವೇರಿಯ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧಗೊಂಡು, ಅಲ್ಲಿಂದ ಹಾರೋಹಳ್ಳಿಯ ಪಂಪುಮನೆಗೂ, ಬಳಿಕ ತಾತಗುಣಿಗೂ ಏರಿ ಬೆಂಗಳೂರನ್ನು ಸೇರುತ್ತದೆ. ಸುಮಾರು 100 ಕಿಲೋಮೀಟರು ದೂರ, ಸುಮಾರು 500 ಮೀಟರು ಎತ್ತರ. ಮೂರು ಮೆಟ್ಟಿಲುಗಳಲ್ಲಿ ವಿದ್ಯುತ್ತಿನ ಬಲದಿಂದ ನದಿಯನ್ನೇ ಮೇಲಕ್ಕೆತ್ತುವ ಕಾರ್ಯ. 1974ರಲ್ಲಿ ಮೊದಲ ಹಂತ ಪೂರ್ಣಗೊಂಡಿತು. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಐದನೆಯ ಹಂತವೊಂದರಿಂದಲೇ ದಿನಕ್ಕೆ 775 ದಶಲಕ್ಷ ಲೀಟರು ನೀರು ಹೆಚ್ಚುವರಿಯಾಗಿ ಹೋಗುತ್ತದೆ.

ಇನ್ನು ಇಳಿಯುವ ನೀರು. ನಗರವು ಬಳಸಿ ಬಿಟ್ಟುದರಲ್ಲಿ ದೊಡ್ಡದೊಂದು ಪಾಲು ವೃಷಭಾವತಿಯ ಕಣಿವೆ ಹಿಡಿದು ಬಿಡದಿ ಹೋಬಳಿಯ ಬೈರಮಂಗಲ ಕೆರೆಗೆ ಬರುತ್ತದೆ. ವ್ಯವಸಾಯಕ್ಕೆಂದು ಕಟ್ಟಿದ ಆ ಜಲಾಶಯದ ಮೇಲೆ ನೊರೆ ತೇಲುವುದನ್ನು ದಾರಿಹೋಕರೂ ಬಲ್ಲರು. ಅಚ್ಚುಕಟ್ಟಿನಲ್ಲಿ ಭತ್ತ ಬೆಳೆಯುತ್ತಿದ್ದ ರೈತರು ಮೇವಿನ ಹುಲ್ಲಿಗೆ, ಎಳೆ ಜೋಳಕ್ಕೆ, ತೆಂಗಿಗೆ ಹೊರಳಿದ್ದಾರೆ. ಅಲ್ಲಿಂದ ಮುಂದೆ ಆ ನೀರು ಅರ್ಕಾವತಿಯನ್ನು ಕೂಡಿ, ಹಾರೋಬೆಲೆ ಜಲಾಶಯವನ್ನು ಹಾದು, ಸಂಗಮದಲ್ಲಿ ಮರಳಿ ಕಾವೇರಿಗೆ ಬೀಳುತ್ತದೆ. ಕೊಡಗಿನಿಂದ ತಿಳಿಯಾಗಿ ಹೊರಟವಳು ಯಾವ ರೂಪದಲ್ಲಿ ಮರಳುತ್ತಾಳೆಂಬುದನ್ನು ನಾವು ದಿನವೂ ನೋಡುತ್ತಿದ್ದೇವೆ.

ಈ ಎರಡು ನೀರುಗಳ ನಡುವೆ ಇರುವುದು ನಮ್ಮ ಕೈಗಾರಿಕಾ ಪ್ರದೇಶ. ರಾಗಿ, ಹಿಪ್ಪುನೇರಳೆ ಬೆಳೆಯುತ್ತಿದ್ದ ಹೊಲಗಳು 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯಿದೆಯ ಮೇರೆಗೆ ಮಂಡಳಿಯ ವಶವಾದವು. ಆ ಕಾಯಿದೆಯಲ್ಲಿ ರೈತನಿಗೆ ಆಕ್ಷೇಪಣೆ ಸಲ್ಲಿಸಲು ಅವಕಾಶವುಂಟು; ಒಪ್ಪಿಗೆ ಕೇಳಬೇಕೆಂಬ ನಿಯಮವಿಲ್ಲ. ಅಧಿಸೂಚನೆಯಲ್ಲಿ ಊರು ಸರ್ವೆ ನಂಬರುಗಳಾಗಿ ಅಚ್ಚಾಗುತ್ತದೆ. ಅಲ್ಲಿದ್ದ ಬಾವಿ, ಹುಣಸೆಮರ, ದನ ಹೋಗುವ ಓಣಿ ಯಾವುದೂ ಅದರಲ್ಲಿ ಕಾಣಿಸದು. ಪರಿಹಾರದ ಹಣ ಕೆಲವರ ಮನೆ ಕಟ್ಟಿಸಿತು, ಕೆಲವರ ಮನೆ ಒಡೆಯಿತು. ಭೂಮಿಯಿಲ್ಲದೆ ಕೂಲಿಗೆ ಹೋಗುತ್ತಿದ್ದವರಿಗೆ ಪರಿಹಾರದ ಪ್ರಶ್ನೆಯೇ ಏಳಲಿಲ್ಲ.

ಕೆಲಸ ದೊರೆಯಲಿಲ್ಲವೆಂದು ನಾನು ಹೇಳಲಾರೆ. ಪಾಳಿ ಬದಲಾಗುವ ಹೊತ್ತಿಗೆ ರಸ್ತೆಯಲ್ಲಿ ಜನ ತುಂಬಿರುತ್ತಾರೆ. ಒಡಿಶಾ, ಬಿಹಾರ, ಅಸ್ಸಾಮಿನ ಹುಡುಗರು ಒಂದು ಕೋಣೆಯಲ್ಲಿ ಐದಾರು ಮಂದಿ ವಾಸಿಸುತ್ತಾರೆ. ಅವರ ಬಾಡಿಗೆಯಿಂದ ನಮ್ಮವರ ಸಂಸಾರ ಸಾಗುತ್ತದೆ. ಅವರನ್ನು ದೂರುವುದು ನ್ಯಾಯವಲ್ಲ. ಅವರೂ ತಮ್ಮ ಹೊಲಗಳನ್ನು ಬಿಟ್ಟು ಬಂದವರೇ. ಆದರೆ ಭೂಮಿ ಕೊಟ್ಟ ಮನೆಯ ಮಗ ಗೇಟಿನಲ್ಲಿ ಗುತ್ತಿಗೆಯ ಕಾವಲುಗಾರನಾಗಿ ನಿಂತಿರುವುದನ್ನು ಕಂಡಾಗ ಮನಸ್ಸಿಗೆ ಕಸಿವಿಸಿಯಾಗುತ್ತದೆ. ಸ್ಥಳೀಯರಿಗೆ ಉದ್ಯೋಗವೆಂಬ ಮಾತು 1980ರ ದಶಕದ ಸರೋಜಿನಿ ಮಹಿಷಿ ವರದಿಯಿಂದಲೂ ಕೇಳಿಬರುತ್ತಿದೆ. 2024ರ ಜುಲೈನಲ್ಲಿ ಸಚಿವ ಸಂಪುಟ ಒಪ್ಪಿದ ಮಸೂದೆಯನ್ನು ಉದ್ಯಮಿಗಳ ವಿರೋಧದಿಂದ ಕೆಲವೇ ದಿನಗಳಲ್ಲಿ ತಡೆಹಿಡಿಯಲಾಯಿತು.

ಹಾಗಾದರೆ ನಮ್ಮ ರಾಜಕಾರಣ ಯಾವುದರ ಸುತ್ತ ಸುತ್ತುತ್ತದೆ? ಹೆಚ್ಚಾಗಿ ಗುತ್ತಿಗೆಗಳ ಸುತ್ತ. ಗುಜರಿ ಯಾರು ಎತ್ತಬೇಕು, ಕೂಲಿಯಾಳುಗಳನ್ನು ಯಾರು ಒದಗಿಸಬೇಕು, ಲಾರಿ ಯಾರದು ಓಡಬೇಕು? ಗೆದ್ದ ಗುಂಪು ಬದಲಾದರೆ ಗುಜರಿಯ ಲಾರಿಯೂ ಬದಲಾಗುತ್ತದೆಂದು ನಮ್ಮಲ್ಲಿ ಚಹಾದಂಗಡಿಯ ಮಾತು. ಮೋರಿಯಲ್ಲಿ ಏನು ಹರಿಯುತ್ತಿದೆಯೆಂಬುದು ಚುನಾವಣೆಯ ವಿಷಯವಾದುದನ್ನು ನಾನು ಕಂಡಿಲ್ಲ.

ಅದಕ್ಕೆ ಬದಲಾಗಿ ನಮಗೆ ಹೆಸರುಗಳು ದೊರೆತಿವೆ. 1986ರಲ್ಲಿ ನಾವು ಬೆಂಗಳೂರು ಗ್ರಾಮಾಂತರದವರಾದೆವು, 2007ರಲ್ಲಿ ರಾಮನಗರದವರಾದೆವು, 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆಯವರಾದೆವು. 2008ರ ಕ್ಷೇತ್ರ ಮರುವಿಂಗಡಣೆಯ ಬಳಿಕ ಮತಕ್ಕೆ ರಾಮನಗರದ ಕಡೆಯವರು, ಕಂದಾಯಕ್ಕೆ ಕನಕಪುರದ ಕಡೆಯವರು ಎಂಬ ಸ್ಥಿತಿಯಲ್ಲಿದ್ದೆವು. 2019ರ ಆಯವ್ಯಯದಲ್ಲಿ ಹಾರೋಹಳ್ಳಿ ತಾಲ್ಲೂಕೆಂದು ಘೋಷಣೆಯಾಯಿತು. ನಿಮ್ಮ ಕಳಸವೂ ಅದೇ ಪಟ್ಟಿಯಲ್ಲಿತ್ತು. ಕಚೇರಿ ಹತ್ತಿರ ಬಂದುದು ಒಳ್ಳೆಯದೇ. ಆದರೆ ನಾಮಫಲಕದ ಬಣ್ಣ ಒಣಗುವುದರೊಳಗೆ ನಿವೇಶನದ ಬೆಲೆ ಏರುತ್ತದೆ. ಇತ್ತ ಬನ್ನೇರುಘಟ್ಟ ಉದ್ಯಾನದ ಪರಿಸರ ಸೂಕ್ಷ್ಮ ವಲಯ 2016ರ ಕರಡಿನಲ್ಲಿ 268.96 ಚದರ ಕಿಲೋಮೀಟರು ಇದ್ದದ್ದು 2020ರ ಅಂತಿಮ ಅಧಿಸೂಚನೆಯಲ್ಲಿ 168.84ಕ್ಕೆ ಇಳಿಯಿತು. ನಮ್ಮ ಹೊಲಕ್ಕೆ ಬರುವ ಆನೆಗೆ ಈ ರೇಖೆ ತಿಳಿಯದು.

ಮಿತ್ರರೆ, 2019ರಲ್ಲಿ ಶರಾವತಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಮಾತು ಬಂದಾಗ ಮಲೆನಾಡು ಎದ್ದು ನಿಂತಿತು. ಜುಲೈ 10ರಂದು ಶಿವಮೊಗ್ಗ ಜಿಲ್ಲೆ ಬಂದ್ ಆಯಿತು. ಆಗ ನೀವು ಕೇಳಿದ ಪ್ರಶ್ನೆ, ನಮ್ಮ ನೀರು ಏಕೆ ಹೋಗಬೇಕು ಎಂಬುದು. ಅದರ ಜೊತೆಗೆ ಇನ್ನೊಂದನ್ನೂ ಕೇಳಿರೆಂದು ನನ್ನ ಬಿನ್ನಹ: ಹೋದ ನೀರು ಯಾರ ಊರಿನ ಮೇಲೆ ಕೊಳಚೆಯಾಗಿ ಇಳಿಯುತ್ತದೆ? ಕೊಳವೆಯ ಆ ತುದಿಯಲ್ಲಿ ನಾವಿದ್ದೇವೆ. ಬಳಸಿದ ನೀರನ್ನು ಶುದ್ಧಗೊಳಿಸಿ ಮತ್ತೆ ಬಳಸದೆ ಹೊಸ ಹೊಳೆಯನ್ನು ಕೇಳುವ ಹಕ್ಕು ಯಾವ ನಗರಕ್ಕೂ ಇರಬಾರದು.

ನಮ್ಮ ಬೇಡಿಕೆಗಳು ಸಣ್ಣವು. ಕೈಗಾರಿಕಾ ಪ್ರದೇಶದ ಸುತ್ತಲಿನ ಕೊಳವೆಬಾವಿ, ಮೋರಿಗಳ ನೀರಿನ ಪರೀಕ್ಷಾ ಫಲಿತಾಂಶವನ್ನು ಕನ್ನಡದಲ್ಲಿ ಪಂಚಾಯಿತಿಯ ಫಲಕದ ಮೇಲೆ ಅಂಟಿಸಬೇಕು. ಮುಂದಿನ ಭೂಸ್ವಾಧೀನಕ್ಕೆ ಮುನ್ನ ಗ್ರಾಮಸಭೆಯ ಒಪ್ಪಿಗೆ ಕೇಳಬೇಕು. ಇದು ಆಗದ ಮಾತೇನಲ್ಲ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು ಸಾವಿರಕ್ಕೂ ಹೆಚ್ಚು ದಿನ ಧರಣಿ ಕುಳಿತು, 2025ರ ಜುಲೈನಲ್ಲಿ 1,777 ಎಕರೆಯ ಸ್ವಾಧೀನವನ್ನು ಸರ್ಕಾರ ಕೈಬಿಡುವಂತೆ ಮಾಡಿದರು. ಅವರು ಕುಳಿತದ್ದು ತಮ್ಮ ಹೊಲಕ್ಕಾಗಿ. ಧೈರ್ಯ ಬಂದುದು ನಮಗೆಲ್ಲರಿಗೂ.

ನಿಮ್ಮಲ್ಲಿ ಯಾರಾದರೂ ಬೆಂಗಳೂರಿಗೆ ಬಂದರೆ, ಒಂದು ದಿನ ಬಿಡುವು ಮಾಡಿಕೊಂಡು ಬೈರಮಂಗಲದ ಏರಿಯ ಮೇಲೆ ನಿಂತು ನೋಡಿ. ಅಲ್ಲಿ ಹರಿಯುತ್ತಿರುವುದರಲ್ಲಿ ಮಲೆಯ ಮಳೆಯೂ ಇದೆ.