ಮರ ಮಾರಿದ ಹಣ ಆದಾಯವೇ?



ನಾವು ಬ್ಯಾಂಕಿನ ಗುಮಾಸ್ತರು. ಜಮಾ-ಖರ್ಚನ್ನು ಬಿಟ್ಟು ಬೇರೆ ಶಾಸ್ತ್ರ ಬಲ್ಲವರಲ್ಲ. ಆದುದರಿಂದ ಏಷ್ಯದ ಬೆಳೆಯುತ್ತಿರುವ ದೇಶಗಳ ಜಮಾ-ಖರ್ಚಿನ ಬಗೆಗೇ ನಾಲ್ಕು ಮಾತು ಹೇಳುತ್ತೇವೆ.

ತೋಟದ ತೆಂಗಿನಕಾಯಿ ಮಾರಿದರೆ ಅದು ಆದಾಯ. ಮರವನ್ನೇ ಕಡಿದು ಮಾರಿದರೆ? ಕೈಗೆ ಹಣವೇನೋ ಬಂದೀತು. ಆದರೆ ಕರಗಿದ್ದು ಅಸಲು. ನಮ್ಮ ಅಜ್ಜಿಯರಿಗೂ ಇದು ಗೊತ್ತಿತ್ತು. ರಾಷ್ಟ್ರೀಯ ಉತ್ಪನ್ನದ ಲೆಕ್ಕದಲ್ಲಾದರೋ ಎರಡೂ ಜಮೆಯೇ! ಯಂತ್ರ ಸವೆದರೆ ಸವಕಳಿ ಬರೆಯುವ ರೂಢಿಯುಂಟು. ಕಾಡು ಸವೆದರೆ ಬರೆಯುವ ರೂಢಿಯಿಲ್ಲ.

ಇಂಡೊನೇಷ್ಯವನ್ನು ನೋಡೋಣ. 1971ರಿಂದ 1984ರವರೆಗೆ ಅದರ ಉತ್ಪನ್ನ ವರ್ಷಕ್ಕೆ ಸುಮಾರು ಶೇಕಡಾ 7ರಂತೆ ಬೆಳೆಯಿತು. ರಾಬರ್ಟ್ ರೆಪೆಟ್ಟೊ ಎಂಬ ಅರ್ಥಶಾಸ್ತ್ರಜ್ಞರೂ ಅವರ ಸಂಗಡಿಗರೂ ಎಣ್ಣೆ, ಕಾಡು, ಮಣ್ಣು ಈ ಮೂರರ ಸವಕಳಿಯನ್ನು ಕಳೆದು 1989ರಲ್ಲಿ ಲೆಕ್ಕ ಪ್ರಕಟಿಸಿದಾಗ ಅದು ಶೇಕಡಾ 4ಕ್ಕೆ ಇಳಿಯಿತು. ಉಳಿದುದು ಅಸಲನ್ನು ತಿಂದ ಬಾಬ್ತು.

ಅದೇ ದೇಶದಲ್ಲಿ 1997ರಲ್ಲಿ ಮಳೆ ಕೈಕೊಟ್ಟಿತು. ತೋಟಗಳಿಗಾಗಿ ನೆಲ ಬೋಳಿಸಲು ಹಚ್ಚಿದ ಬೆಂಕಿ ಕಾಡಿಗೂ, ನೀರು ಬಸಿದು ಒಣಗಿಸಿದ ಜೌಗು ನೆಲಕ್ಕೂ ಹಬ್ಬಿತು. ಹೊಗೆ ಸಿಂಗಪುರ, ಮಲೇಷ್ಯಗಳನ್ನು ಕವಿಯಿತು. ಕೆಮ್ಮಿದವರು ವೈದ್ಯರಿಗೆ ತೆತ್ತ ಹಣವೂ ಉತ್ಪನ್ನದ ಲೆಕ್ಕಕ್ಕೆ ಜಮೆಯೇ. ಥಾಯ್ಲೆಂಡಿನಲ್ಲಿ 1988ರ ಪ್ರವಾಹ ಬೋಳುಗುಡ್ಡಗಳಿಂದ ಮಣ್ಣನ್ನೂ ಮರದ ದಿಮ್ಮಿಗಳನ್ನೂ ಊರುಗಳ ಮೇಲೆ ಉರುಳಿಸಿ ನೂರಾರು ಜನರನ್ನು ಬಲಿ ತೆಗೆದುಕೊಂಡ ಮೇಲೆಯೇ, 1989ರಲ್ಲಿ, ಕಾಡು ಕಡಿಯುವುದಕ್ಕೆ ನಿಷೇಧ ಬಂದಿತು.

ದೂರದ ಮಾತೇಕೆ? ನಮ್ಮ ಬಳ್ಳಾರಿಯ ಅದಿರು ಹಡಗೇರಿದಾಗಲೂ ಹಣ ಹರಿಯಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಗಣಿಗಾರಿಕೆಯನ್ನು ತಡೆಯಬೇಕಾಯಿತು. ಅಗೆದ ಗುಡ್ಡ ಮರಳಿ ಬೆಳೆಯುವುದಿಲ್ಲ.

ಹಾಗಾದರೆ ಬೆಳವಣಿಗೆ ಬೇಡವೇ? ಬೇಕು. ಹಸಿದವನಿಗೆ ಕಾಡಿನ ಚೆಲುವನ್ನು ಬಣ್ಣಿಸಿ ಫಲವಿಲ್ಲ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ನಾವು ಕೇಳುವುದು ಲೆಕ್ಕವನ್ನು ಮಾತ್ರ. ಕಾಡು, ನೀರು, ನೆಲಗಳ ಖಾತೆಯನ್ನು ಬರೆಯುವ ಕ್ರಮವೊಂದನ್ನು ವಿಶ್ವಸಂಸ್ಥೆಯ ಅಂಕಿ-ಅಂಶ ಆಯೋಗ 2012ರಲ್ಲಿ ಅಂಗೀಕರಿಸಿದೆ. ವಿಧಾನವಿಲ್ಲವೆಂಬ ನೆಪ ಇನ್ನು ಸಲ್ಲದು.

ಮುಂಗಡಪತ್ರದ ದಿನ ಬೆಳವಣಿಗೆಯ ಅಂಕಿಯನ್ನೋದಿ ಹಿಗ್ಗುವ ನಾವು, ಅದರ ಮಗ್ಗುಲಿಗೆ ಸವಕಳಿಯ ಅಂಕಿಯೆಲ್ಲಿ ಎಂದು ಕೇಳುವುದನ್ನೂ ಕಲಿಯೋಣ. ಮಕ್ಕಳಿಗೆ ಬಡ್ಡಿ ಸಿಗಬೇಕಾದರೆ ಅಸಲು ಉಳಿದಿರಬೇಕು.