ಟ್ರೈನಿಂಗ್ ಮುಗಿಯಲಿ, ಆಮೇಲೆ ಮುಹೂರ್ತ

(ಮಹಿಳಾ ವಿಭಾಗದ ಕೂಟದಲ್ಲಿ ಮಾಡಿದ ಭಾಷಣ)



ಈ ವರ್ಷ ನಮ್ಮ ಸಂಘದ ಯಾವ ಕಾರ್ಯಕ್ರಮಕ್ಕೆ ಬಂದರೂ ನೀವು ನನ್ನನ್ನು ಕೇಳಿದ ಮೊದಲ ಪ್ರಶ್ನೆ, “ಮಗಳ ಮದುವೆ ಯಾವಾಗ?” ಒಬ್ಬೊಬ್ಬರಿಗೆ ಉತ್ತರ ಹೇಳುವ ಬದಲು ಇವತ್ತು ಎಲ್ಲರಿಗೂ ಒಟ್ಟಿಗೆ ಹೇಳುತ್ತೇನೆ. ನಮ್ಮ ಮನೆಯ ಸುದ್ದಿ ಹೇಳಿಕೊಳ್ಳುವುದಷ್ಟೇ ನನ್ನ ಉದ್ದೇಶವಲ್ಲ. ಸೇನೆಗೆ ಸೇರುತ್ತಿರುವ ಮಕ್ಕಳು ನಮ್ಮ ಸಮಾಜದಲ್ಲಿ ಹೆಚ್ಚುತ್ತಿದ್ದಾರೆ. ನಾಳೆ ಇದೇ ಪ್ರಶ್ನೆ ನಿಮ್ಮ ಮನೆಯಲ್ಲೂ ಏಳಬಹುದು.

ಗ್ರಾಂಟ್ ರೋಡಿನಲ್ಲಿ ಮೂವತ್ತು ವರ್ಷ ಸಂಸಾರ ಮಾಡಿದ ನನಗೆ ನೇವಿ ಎಂದರೆ ಕೊಲಾಬಾದ ನೇವಿ ನಗರ ಮತ್ತು ಡಿಸೆಂಬರ್ 4ರ ನೌಕಾ ದಿನ, ಇಷ್ಟೇ ಗೊತ್ತಿತ್ತು. ಹುಡುಗ ಎಂಜಿನಿಯರಿಂಗ್ ಮುಗಿಸಿ ನೇವಿಗೆ ಆಯ್ಕೆಯಾದ ಮೇಲೆ ಒಂದೊಂದಾಗಿ ತಿಳಿಯಿತು. ಅಧಿಕಾರಿಗಳಾಗುವವರ ತರಬೇತಿ ಕೇರಳದ ಏಳಿಮಲದ ನೌಕಾ ಅಕಾಡೆಮಿಯಲ್ಲಿ. ನಮ್ಮ ಕಾಸರಗೋಡು ದಾಟಿದರೆ ಪಯ್ಯನ್ನೂರು, ಅಲ್ಲಿಂದ ಹತ್ತಿರ. ಪದವಿ ಮುಗಿಸಿ ಹೋದವರಿಗೆ ಅಲ್ಲಿ ಕೆಲವು ತಿಂಗಳು. ಹನ್ನೆರಡನೆಯ ತರಗತಿ ಮುಗಿಸಿ ಬಿ.ಟೆಕ್. ದಾರಿಯಲ್ಲಿ ಹೋದವರಿಗೆ ನಾಲ್ಕು ವರ್ಷ. ಅಷ್ಟಕ್ಕೇ ಮುಗಿಯುವುದಿಲ್ಲ. ಆಮೇಲೆ ಅವರವರ ಶಾಖೆಯ ತರಬೇತಿ ಇದೆ. ಎಲೆಕ್ಟ್ರಿಕಲ್ ಆದರೆ ಜಾಮ್‌ನಗರದ ಐಎನ್ಎಸ್ ವಲ್ಸುರಾ, ಎಂಜಿನ್ ಕೆಲಸವಾದರೆ ಲೋಣಾವಳದ ಐಎನ್ಎಸ್ ಶಿವಾಜಿ. ನಮ್ಮ ಹುಡುಗ ಎಲೆಕ್ಟ್ರಿಕಲ್, ಹಾಗಾಗಿ ಏಳಿಮಲದ ನಂತರ ಜಾಮ್‌ನಗರ.

ನಿಶ್ಚಿತಾರ್ಥ ಆದ ಕೂಡಲೇ ಬೀಗರ ಮನೆಯಿಂದ ಫೋನ್ ಬಂತು, “ನವೆಂಬರ್ ಕೊನೆಗೆ ಪಾಸಿಂಗ್ ಔಟ್ ಪರೇಡ್. ರಜೆ ಸಿಗುತ್ತದೆ. ಡಿಸೆಂಬರ್ ಮೊದಲ ವಾರ ಉಡುಪಿಯಲ್ಲಿ ಹಾಲ್ ಬುಕ್ ಮಾಡೋಣ.” ಅವರ ಅವಸರದಲ್ಲೂ ಅರ್ಥವಿದೆ. ಏಳಿಮಲದ ಪರೇಡು ನಡೆಯುವುದು ವರ್ಷಕ್ಕೆ ಎರಡು ಸಲ, ಮೇ ಕೊನೆಗೆ ಮತ್ತು ನವೆಂಬರ್ ಕೊನೆಗೆ. ಈಗ ನಮ್ಮ ಪಂಚಾಂಗ ತೆಗೆದು ನೋಡಿ. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿಯವರೆಗೆ ಧನುರ್ಮಾಸ. ಮೇ ಕೊನೆಯ ಪರೇಡು ಆದರೆ ಹಿಂದೆಯೇ ಮಳೆಗಾಲ, ಆಷಾಢ. ನೇವಿಯ ಕ್ಯಾಲೆಂಡರಿಗೂ ನಮ್ಮ ಪುರೋಹಿತರ ಪಂಚಾಂಗಕ್ಕೂ ಹೊಂದುವುದು ಎರಡೇ ವಾರ! ಆ ಎರಡು ವಾರಕ್ಕಾಗಿ ಊರಿನ ಹಾಲ್‌ಗೆ ಮುಂಗಡ ಕೊಟ್ಟು, ರಜೆಯಲ್ಲಿ ಎರಡು ದಿನ ಹೆಚ್ಚುಕಡಿಮೆಯಾದರೆ ಏನು ಗತಿ?

ಆಗ ನಮ್ಮವರೊಬ್ಬರು ಇನ್ನೊಂದು ದಾರಿ ಹೇಳಿದರು. “ಈಗಲೇ ಮುಂಬಯಿಯಲ್ಲಿ ಸದ್ದಿಲ್ಲದೆ ರಿಜಿಸ್ಟರ್ ಮಾಡಿಬಿಡಿ. ಧಾರೆ ಆಮೇಲೆ ಮಾಡಿದರಾಯಿತು. ಕ್ವಾರ್ಟರ್ಸ್‌ಗೂ ಬೇಗ ಅರ್ಜಿ ಹಾಕಬಹುದು.” ಅಕ್ಕಂದಿರೇ, ಈ ಮಾತನ್ನು ದಯವಿಟ್ಟು ಯಾರೂ ಕೇಳಬೇಡಿ. ರಿಜಿಸ್ಟರ್ ಮದುವೆಯೂ ಮದುವೆಯೇ. ಅವಿವಾಹಿತರೆಂದು ಆಯ್ಕೆಯಾದವರು ತರಬೇತಿ ನಡೆಯುವಾಗ ಮದುವೆಯಾದರೆ ಅವರನ್ನು ಹೊರಗೆ ಕಳಿಸುತ್ತಾರೆ. ಸರಕಾರ ಅವರ ಮೇಲೆ ಮಾಡಿದ ಖರ್ಚನ್ನೂ ಹಿಂದಕ್ಕೆ ಕೇಳುತ್ತಾರೆ. ಅಗ್ನಿವೀರರಾಗಿ ನೇವಿ ಸೇರಿದ ಮಕ್ಕಳಿಗಂತೂ ನಾಲ್ಕು ವರ್ಷವೂ ಮದುವೆ ಇಲ್ಲ. ಇನ್ನು ಸದ್ದಿಲ್ಲದೆ ಎನ್ನುವುದಾದರೂ ಎಲ್ಲಿ? 1954ರ ವಿಶೇಷ ವಿವಾಹ ಕಾಯ್ದೆಯಂತೆ ನೋಟಿಸ್ ಕೊಟ್ಟು 30 ದಿನ ಕಾಯಬೇಕು, ಆ ನೋಟಿಸನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸುತ್ತಾರೆ. ಹುಡುಗನ ವರ್ಷಗಳ ಶ್ರಮವನ್ನು ಒಂದು ಸಹಿಗಾಗಿ ಪಣಕ್ಕಿಡುವುದು ಬೇಡ ಎಂದು ನಾವು ಅಲ್ಲಿಗೇ ಬಿಟ್ಟೆವು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮಾತುಕತೆಯ ನಡುವೆ ಬೀಗಿತಿಯವರು ಸಹಜವಾಗಿ ಒಂದು ಮಾತು ಹೇಳಿದರು, “ಅವಳ ಕೆಲಸದ ಬಗ್ಗೆ ಯಾಕೆ ಚಿಂತೆ? ಬಿಟ್ಟರಾಯಿತು. ನೇವಿಯಲ್ಲಿ ಸಂಬಳ ಚೆನ್ನಾಗಿದೆಯಲ್ಲ.” ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ನನ್ನ ಮಗಳು ಒಂದೇ ಖೋಲಿಯಲ್ಲಿ, ನಾವೆಲ್ಲ ಮಲಗಿದ ಮೇಲೆ ಅಡುಗೆಕಟ್ಟೆಯ ಪಕ್ಕ ಕುಳಿತು ಓದಿ, ಮೂರನೇ ಸಲಕ್ಕೆ ಬ್ಯಾಂಕ್ ಪರೀಕ್ಷೆ ಪಾಸು ಮಾಡಿದವಳು. ನಾನು ಹೇಳಿದೆ, “ಅತ್ತಿಗೆ, ಅವನ ಟ್ರೈನಿಂಗ್ ಹೇಗೋ ಇವಳ ಕೆಲಸವೂ ಹಾಗೆಯೇ. ಎರಡನ್ನೂ ಉಳಿಸಿಕೊಂಡು ದಿನ ನೋಡೋಣ.” ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಎರಡು ದಿನ ಬಿಟ್ಟು ಅವರೇ ಫೋನ್ ಮಾಡಿ, “ವರ್ಗಾವಣೆ ಹೇಗೆ ಆಗುತ್ತದೆ, ಕೇಳಿ ನೋಡಿ” ಎಂದರು.

ಕೇಳಿದೆವು. ಸರಕಾರಿ ಬ್ಯಾಂಕುಗಳಲ್ಲಿ ದುಡಿಯುವ ವಿವಾಹಿತ ಮಹಿಳೆಯರನ್ನು ಆದಷ್ಟೂ ಗಂಡನಿರುವ ಊರಿಗೆ ಅಥವಾ ಹತ್ತಿರಕ್ಕೆ ಹಾಕಬೇಕೆಂದು 2014ರಲ್ಲಿ ಕೇಂದ್ರ ಹಣಕಾಸು ಸಚಿವಾಲಯ ಬ್ಯಾಂಕುಗಳಿಗೆ ಸೂಚಿಸಿದೆ. ಗಂಡ ಹೆಂಡತಿ ಇಬ್ಬರೂ ಕೇಂದ್ರ ಸರಕಾರಿ ನೌಕರರಾಗಿದ್ದರೆ 2009ರ ಆದೇಶವೊಂದಿದೆ. “ಆದಷ್ಟೂ” ಎಂಬ ಪದವನ್ನು ಮರೆಯಬೇಡಿ. ಕೇಳಿದ ಕೂಡಲೇ ಸಿಗುತ್ತದೆ ಎಂದಲ್ಲ. ಅರ್ಜಿಗೆ ಮದುವೆಯ ಸರ್ಟಿಫಿಕೇಟ್ ಬೇಕು, ಗಂಡನ ಪೋಸ್ಟಿಂಗ್ ಎಲ್ಲಿ ಎಂಬ ಕಾಗದ ಬೇಕು. ತರಬೇತಿಯಲ್ಲಿರುವ ಹುಡುಗನಿಗೆ ಪೋಸ್ಟಿಂಗೇ ಇರುವುದಿಲ್ಲ. ಡಿಸೆಂಬರಿನಲ್ಲಿ ಮದುವೆ ಮಾಡಿದರೆ ಅವನು ಜಾಮ್‌ನಗರದ ಕ್ಲಾಸಿನಲ್ಲಿ, ಇವಳು ಬ್ಯಾಂಕಿನಲ್ಲಿ, ಅರ್ಜಿ ಹಾಕಲು ಊರಿನ ಹೆಸರೇ ಇಲ್ಲ. ಅದಕ್ಕೇ ನಮ್ಮ ತೀರ್ಮಾನ ಇದು: ಜಾಮ್‌ನಗರ ಮುಗಿಯಲಿ, ಪೋಸ್ಟಿಂಗ್ ಬರಲಿ, ಆಮೇಲೆ ಮುಹೂರ್ತ. ಮುಂಬಯಿ, ಕೊಚ್ಚಿ, ವಿಶಾಖಪಟ್ಟಣ, ನಮ್ಮದೇ ಕಾರವಾರ, ಎಲ್ಲಿ ಬಂದರೂ ಬ್ಯಾಂಕ್ ಶಾಖೆ ಇದ್ದೇ ಇದೆ.

ಈ ತೀರ್ಮಾನದಲ್ಲಿ ನನಗೆ ನೋವಿನ ಒಂದು ಸಂಗತಿಯೂ ಇತ್ತು. ನನ್ನ ಅತ್ತೆಯವರಿಗೆ 84 ವರ್ಷ. ಮೊಮ್ಮಗಳ ಧಾರೆ ನೋಡಬೇಕೆಂಬುದೇ ಅವರ ಆಸೆ. ಅವರಿಗೆ ಹೇಳುವುದು ಹೇಗೆಂದು ನಾನು ಹಿಂದೆ ಮುಂದೆ ನೋಡುತ್ತಿದ್ದೆ. ಅವರೇ ಹೇಳಿದರು, “ನಿನ್ನ ಮಾವ ಇಲ್ಲಿ ಹೋಟೆಲಿನಲ್ಲಿ ದುಡಿಯುವಾಗ ನಾನು ಊರಲ್ಲಿ ಐದು ವರ್ಷ ಕಾದೆ. ತಿಂಗಳಿಗೊಂದು ಮನಿಯಾರ್ಡರ್, ಎರಡು ಸಾಲು ಕಾಗದ. ನನ್ನನ್ನು ಕಾಯುತ್ತೀಯಾ ಎಂದು ಯಾರೂ ಕೇಳಿರಲಿಲ್ಲ. ಇವಳನ್ನು ಕೇಳಿದ್ದೀರಲ್ಲ, ಸಾಕು.” ಗ್ರಾಂಟ್ ರೋಡಿನ ಹೋಟೆಲುಗಳಲ್ಲಿ ದುಡಿದ ಎಷ್ಟೋ ಗಂಡಸರ ಹೆಂಡತಿಯರು ಹೀಗೆಯೇ ಕಾದವರು. ನಮ್ಮ ಮನೆಗಳಿಗೆ ಕಾಯುವುದು ಹೊಸತಲ್ಲ. ಹುಡುಗಿಯನ್ನು ಕೇಳಿ ಕಾಯುವುದು ಹೊಸತು.

ಕೊನೆಯದಾಗಿ ಕೆಲವು ಸಣ್ಣ ಮಾತು. ನಿಯಮಗಳನ್ನು ನೆಂಟರಿಂದ ಕೇಳಬೇಡಿ, ಹುಡುಗನೇ ತನ್ನ ಮೇಲಧಿಕಾರಿಗಳನ್ನು ಕೇಳಿ ತಿಳಿದುಕೊಳ್ಳಲಿ. ರಜೆ ಮಂಜೂರಾಗದೆ ಹಾಲ್‌ಗೆ ಮುಂಗಡ ಕೊಡಬೇಡಿ. ಮದುವೆಗೆ ಕಪಾಟು, ಮಂಚ ಎಂದು ಭಾರದ ಸಾಮಾನು ಉಡುಗೊರೆ ಬೇಡ. ಕೆಲವು ವರ್ಷಕ್ಕೊಮ್ಮೆ ಮನೆ ಬದಲಿಸುವ ಸಂಸಾರ ಅದು. ಕ್ವಾರ್ಟರ್ಸ್ ಸಿಗುವವರೆಗೆ ಬಾಡಿಗೆ ಮನೆಗೆ ಬೇಕಾದ ಡಿಪಾಸಿಟ್ ತೆಗೆದಿಡಿ. ಮತ್ತೆ, ಟ್ರೈನಿಂಗಿಗೆ ಹೋಗುವವರು ಗಂಡುಮಕ್ಕಳೇ ಆಗಬೇಕೆಂದಿಲ್ಲ. 2023ರ ಮಾರ್ಚಿನಲ್ಲಿ ಒಡಿಶಾದ ಐಎನ್ಎಸ್ ಚಿಲ್ಕಾದಿಂದ ಹೊರಬಂದ ಮೊದಲ ಅಗ್ನಿವೀರರ ತಂಡದಲ್ಲಿ 270ಕ್ಕೂ ಹೆಚ್ಚು ಹುಡುಗಿಯರಿದ್ದರು. ನಾಳೆ ಸೊಸೆ ಹಡಗಿನಲ್ಲಿದ್ದು ಮಗ ಬ್ಯಾಂಕಿನಲ್ಲಿದ್ದರೆ, “ಅವನು ಕೆಲಸ ಬಿಟ್ಟರಾಯಿತು” ಎಂದು ನಾವು ಅಷ್ಟೇ ಸಹಜವಾಗಿ ಹೇಳುತ್ತೇವೆಯೇ? ಮನೆಗೆ ಹೋಗುತ್ತಾ ಯೋಚಿಸಿ ನೋಡಿ.

ದಿನ ಗೊತ್ತಾದ ಕೂಡಲೇ ಆಮಂತ್ರಣ ಎಲ್ಲರಿಗೂ ಬರುತ್ತದೆ. ಎಲ್ಲರೂ ಬರಬೇಕು.