ಆಶ್ರಯ ಗೃಹ ಮತ್ತು ವಾಸದ ಹಕ್ಕು

ವೀಕ್ಷಕರೇ, ಏಟು ತಾಳದೆ ಮನೆ ಬಿಟ್ಟು ಬಂದ ಹೆಣ್ಣುಮಗಳಿಗೆ, ಹೊಸ್ತಿಲು ದಾಟಿದ ಮೇಲೆ ಆ ಮನೆ ನಿನ್ನದಲ್ಲ ಎಂದು ನೆಂಟರು ಹೇಳುವುದುಂಟು. ಕಾನೂನು ಹಾಗೆ ಹೇಳುವುದಿಲ್ಲ.

2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯಿದೆಯಲ್ಲಿ 'ಆಶ್ರಯ ಗೃಹ' ಎಂದರೆ ರಾಜ್ಯ ಸರ್ಕಾರ ಇದಕ್ಕೆಂದೇ ಅಧಿಸೂಚಿಸಿದ ವಸತಿ. ಘಟನಾ ವರದಿ ಇನ್ನೂ ದಾಖಲಾಗಿಲ್ಲವೆಂದು ಅಲ್ಲಿ ಬಾಗಿಲು ಮುಚ್ಚುವಂತಿಲ್ಲ; ಆಕೆ ಬಯಸಿದರೆ ಗುರುತನ್ನೂ ಗುಟ್ಟಾಗಿಡಬೇಕು.

ಇನ್ನು ಕೂಡಿ ಬಾಳಿದ ಮನೆ. ಅದು ಮಾವನ ಹೆಸರಿನಲ್ಲಿದ್ದರೆ? ಅಂಥ ಮನೆಯಲ್ಲೂ ಸೊಸೆಗೆ ವಾಸದ ಹಕ್ಕು ಇರಬಹುದೆಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ತೀರ್ಪಿತ್ತಿತು. ಆಸ್ತಿಯ ಪಾಲಲ್ಲ, ವಾಸದ ಹಕ್ಕು ಮಾತ್ರ. ಆಶ್ರಯ ಗೃಹಕ್ಕೆ ಹೋದ ಮಾತ್ರಕ್ಕೆ ಅದು ಕೈತಪ್ಪದು. ಅಲ್ಲಿದ್ದುಕೊಂಡೇ ಸಂರಕ್ಷಣಾಧಿಕಾರಿಯ ಮೂಲಕ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಸಲ್ಲಿಸಬಹುದು. ಮರಳಲು ಭಯವೆನಿಸಿದರೆ ಅಂಥದೇ ಬೇರೆ ಮನೆ, ಇಲ್ಲವೇ ಅದರ ಬಾಡಿಗೆ ಕೊಡಿಸುವಂತೆಯೂ ಕೇಳಬಹುದು. ಮಹಿಳಾ ಸಹಾಯವಾಣಿ ಸಂಖ್ಯೆ 181.